ಭಟ್ಟರ ಮನೆಗೆ ಬಂದ ಬೆಳ್ಳುಳ್ಳಿ ವಾಸನೆ

"ಅವತ್ತು ರಾತ್ರಿ ನಾನವರಿಗೆ ಊಟಾನೇ ಬಡಿಸಲಿಲ್ಲ ಸರ್" ಎಂದಳು ಚೈತನ್ಯಾ. "ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ನಾನು ಅವರ ಹತ್ರ ಆಡಿದ ಕೊನೇ ಮಾತು ಅದೇ."

ಸಬ್ ಇನ್ಸ್‌ಪೆಕ್ಟರ್ ಭೀಮೇಶ್ ಮೂಗಿನ ಮೇಲಿದ್ದ ಹಸಿರು ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡ. ಬೆಳಗಿನ ಜಾವದಿಂದ ಭದ್ರಾವತಿ ರೈಲ್ವೆ ಸ್ಟೇಷನ್ನಿನಲ್ಲಿ, ಬೆಂಗಳೂರಿನಿಂದ ಬಂದವರ ಜ್ವರ ನೋಡುವ ಡಾಕ್ಟರ ಪಕ್ಕ ಲಾಠಿ ಹಿಡಿದು ನಿಂತು, ಅಲ್ಲಿಂದ ಸೀದಾ ಶಿವಮೊಗ್ಗದ ಆಲ್ಕೊಳಕ್ಕೆ ಬಂದಿದ್ದ. ಕಣ್ಣು ಉರಿಯುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಈ ಹಂದಿ ಜ್ವರದ ಮಾರಿ ಬಂದಾಗಿನಿಂದ ಅವನು ಮನೆಯಲ್ಲಿ ಕೂತು ಉಂಡದ್ದೇ ನೆನಪಿರಲಿಲ್ಲ.

ಚೈತನ್ಯಾಳ ಗಂಡ ಸುಘೋಷ ಭದ್ರಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿಯ ಗುಣಮಟ್ಟ ನೋಡುತ್ತಿದ್ದವನು. ಹಂದಿ ಜ್ವರದಿಂದ ಸತ್ತನೆಂದು ಊರೇ ನಂಬಿ, ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುಟ್ಟಾಗಿತ್ತು. ನಿನ್ನೆ ಸಂಜೆ ಬೆಂಗಳೂರಿನ ಲ್ಯಾಬಿನಿಂದ ಫೋನು ಬಂತು: ಅವನ ಗಂಟಲಲ್ಲಿ ಆ ಜ್ವರದ ಸುಳಿವೇ ಇರಲಿಲ್ಲವಂತೆ.

ಹಾಗಾದರೆ ಆ ಗಟ್ಟಿಮುಟ್ಟಾದ ಮನುಷ್ಯ ಸತ್ತದ್ದು ಯಾತರಿಂದ?

"ಯಾಕೆ ಬೈದ್ರಿ ಅಮ್ಮ?" ಎಂದು ಕೇಳಿದ ಭೀಮೇಶ್.

ಚೈತನ್ಯಾ ಒಳಬಾಗಿಲ ಕಡೆ ನೋಡಿದಳು. ಅಲ್ಲಿ ಮಾವ ಹಿರಿಯಣ್ಣ ಭಟ್ಟರು ಮಣೆಯ ಮೇಲೆ ಕೂತಿದ್ದರು. ಅವರ ಎದುರಿಗೆ ಹೇಳಲು ಅವಳಿಗೆ ಈಗಲೂ ಸಂಕೋಚ.

"ಬೆಳ್ಳುಳ್ಳಿ ತಿಂದು ಬಂದಿದ್ರು ಸರ್."

ಭೀಮೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಹೆಂಡತಿ ಶೀಲಾ ಕಾಫಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬೆಳ್ಳುಳ್ಳಿ ಜಜ್ಜಿ ಹಾಕುವವಳು. ಅದಕ್ಕೂ ಗಂಡ ಹೆಂಡತಿ ಜಗಳ ಆಡುವ ಮನೆಗಳಿವೆ ಎಂಬುದು ಅವನಿಗೆ ಮರೆತೇಹೋಗಿತ್ತು.

"ಬಸ್ಸಿಳಿದು ಬಂದು ಚಪ್ಪಲಿ ಬಿಡ್ತಿದ್ದ ಹಾಗೇ ಗೊತ್ತಾಯ್ತು. ಶರ್ಟು, ತಲೆ, ಉಸಿರು ಎಲ್ಲಾ ಅದೇ ನಾತ. ಈ ಮನೇಲಿ ಈರುಳ್ಳಿ ಬರೋದೇ ಅಪರೂಪ ಸರ್, ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಶ್ರಾವಣ ಮಾಸ ಬೇರೆ. 'ಏನಿದು ವಾಸನೆ, ಏನು ತಿಂದ್ರಿ?' ಅಂತ ಕೇಳಿದೆ. ಸುಮ್ನೆ ನನ್ನ ಮುಖಾನೇ ನೋಡಿದ್ರು. ಆಮೇಲೆ 'ಹೌದು, ಹೋಟ್ಲಲ್ಲಿ ತಿಂದೆ, ತಪ್ಪಾಯ್ತು' ಅಂದ್ರು."

"ಹಾಗಂತ ಅವರ ಬಾಯಲ್ಲೇ ಬಂತಾ?"

"ಅವರ ಬಾಯಲ್ಲೇ. ನಾನು ಬಿಡ್ಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂರಿಸಿ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿಸ್ದೆ. ನಡುಗ್ತಾ ಇದ್ರು. ವಾಂತಿ ಮಾಡ್ಕೊಂಡ್ರು. ಅಭ್ಯಾಸ ಇಲ್ದಿರೋ ಹೊಟ್ಟೆ, ಅನುಭವಿಸ್ಲಿ ಅಂದ್ಕೊಂಡು ಜೀರಿಗೆ ಕಷಾಯ ಇಟ್ಟು ಬಾಗಿಲು ಹಾಕ್ಕೊಂಡು ಮಲಗ್ಬಿಟ್ಟೆ. ಬೆಳಗಾಗೋ ಹೊತ್ತಿಗೆ ಉಸಿರು ಎಳೆಯೋಕಾಗ್ತಿರಲಿಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭೀಮೇಶ್ ಕುರ್ಚಿಯಲ್ಲಿ ನೆಟ್ಟಗಾದ. ಅವನ ಮೈಯಲ್ಲಿದ್ದ ಸುಸ್ತೆಲ್ಲ ಒಂದು ಕ್ಷಣ ಎಲ್ಲೋ ಹೋಯಿತು. ಬೆಳ್ಳುಳ್ಳಿ, ವಾಂತಿ, ಏದುಸಿರು. ಈ ಮೂರನ್ನೂ ಅವನು ಒಟ್ಟಿಗೆ ಕಂಡಿದ್ದ, ಒಂದು ಸಲವಲ್ಲ, ಹಲವು ಸಲ. ಸರ್ಕಾರಿ ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತ ಪೊಲೀಸರೆಲ್ಲರಿಗೂ ಆ ವಾಸನೆ ಗೊತ್ತು. ಕಾಳಿಗೆ ಹುಳ ಬೀಳದಿರಲೆಂದು ಇಡುವ ಗುಳಿಗೆಯನ್ನು ನುಂಗಿದವರ ಬಾಯಿಂದ ಅದೇ ಬರುತ್ತದೆ.

"ಅಮ್ಮಾ, ನಿಮ್ಮ ಮೂಗು ಸರಿಯಾಗೇ ಹೇಳ್ತು" ಎಂದ ನಿಧಾನವಾಗಿ. "ಆದ್ರೆ ಅವರು ಬೆಳ್ಳುಳ್ಳಿ ತಿಂದಿರ್ಲಿಲ್ಲ."

"ಮತ್ತೆ?" ಭಟ್ಟರು ಮಣೆ ಬಿಟ್ಟು ಎದ್ದರು.

"ಅಕ್ಕಿ ಗೋಡೌನಲ್ಲಿ ಹುಳ ಸಾಯ್ಲಿ ಅಂತ ಗುಳಿಗೆ ಇಟ್ಟು, ಟಾರ್ಪಾಲು ಹೊದಿಸಿ ಬಾಗಿಲು ಹಾಕ್ತಾರೆ ಭಟ್ಟರೇ. ಗಾಳಿ ತಾಗಿದ್ರೆ ಗುಳಿಗೆಯಿಂದ ವಿಷದ ಗ್ಯಾಸ್ ಏಳತ್ತೆ. ಅದಕ್ಕೆ ಥೇಟ್ ಬೆಳ್ಳುಳ್ಳಿ ವಾಸನೆ. ನಿಮ್ಮ ಮಗ ಆ ಗ್ಯಾಸ್ ಕುಡಿದು ಮನೆಗೆ ಬಂದಿದ್ರು."

ಚೈತನ್ಯಾ ಗೋಡೆಗೆ ಒರಗಿಕೊಂಡು ಹಾಗೇ ನೆಲಕ್ಕೆ ಕುಸಿದಳು. ಮಿಲ್ಲಿನಲ್ಲಿ ಆ ವಾಸನೆಯನ್ನು ಯಾರೂ ಗಮನಿಸಿರಲಾರರು. ಅಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎಲ್ಲರ ಕೈಯಲ್ಲೂ ಬೆಳ್ಳುಳ್ಳಿ ಚಟ್ನಿಯೇ. ಬಸ್ಸಿನಲ್ಲಿ ಪಕ್ಕ ಕೂತವನಿಗೂ ಏನೂ ಅನ್ನಿಸಿರಲಾರದು. ಅದನ್ನು ಕಂಡುಹಿಡಿಯಬಲ್ಲ ಮನೆ ಇದೊಂದೇ. ಇಲ್ಲಿ ಅದು ವಿಷವಾಗಿ ಕಾಣದೆ ಪಾಪವಾಗಿ ಕಂಡಿತ್ತು. ಎಂಥ ಗ್ರಹಚಾರ!

"ಹಾಗಾದ್ರೆ ತಿಂದೆ ಅಂತ ಯಾಕಂದ್ರು?" ಚೈತನ್ಯಾ ನೆಲದಿಂದಲೇ ಕೇಳಿದಳು. "ತಿನ್ನದೇ ಇದ್ದೋರು ನನ್ನ ಹತ್ರ ಯಾಕೆ ಬೈಸ್ಕೊಂಡ್ರು ಸರ್? ಒಂದು ಮಾತು ಹೇಳಿದ್ರೆ ಆಗ್ಲೇ ಆಸ್ಪತ್ರೆಗೆ ಓಡ್ತಿರ್ಲಿಲ್ವಾ?"

ಮಾಡದ ತಪ್ಪನ್ನು ಒಪ್ಪಿಕೊಂಡು ಸಾಯುವ ಗಂಡಸನ್ನು ಭೀಮೇಶ್ ತನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಭಟ್ಟರು ಹತ್ತಿರ ಬಂದರು. ಈ ಬಡಾವಣೆಯಲ್ಲಿ ಎಷ್ಟೋ ಮನೆಗಳ ಗೃಹಪ್ರವೇಶ, ನಾಮಕರಣ ಮಾಡಿಸಿದ ಕೈಗಳನ್ನು ಈಗ ಜೋಡಿಸಿದರು. "ಸಾಹೇಬ್ರೇ, ಸೂತಕ ಕಳೀತು. ವೈಕುಂಠ ಸಮಾರಾಧನೆಗೆ ಅಡಿಗೆ ಮಾಡಿಸಿದ್ವಿ. ಒಂದು ನರಪಿಳ್ಳೆ ಬರಲಿಲ್ಲ. ಎಲ್ಲಾನೂ ದನಕ್ಕೆ ಹಾಕಿದೆವು. ಹಾಲಿನವನು ಪ್ಯಾಕೆಟ್ಟು ಗೇಟಿಗೆ ಸಿಕ್ಕಿಸಿ ಓಡ್ತಾನೆ. ಗೌರಿ ಗಣೇಶ ಬಂತು, ಪೂಜೆಗೆ ಬನ್ನಿ ಅಂತ ಯಾರೂ ಕರೀಲಿಲ್ಲ. ನನಗೆ ಇನ್ನೇನೂ ಬೇಡ. ನನ್ನ ಮಗ ಊರಿಗೆ ರೋಗ ತಂದವನಲ್ಲ ಅಂತ ನಾಲ್ಕು ಜನರ ಮುಂದೆ ಹೇಳ್ತೀರಾ?"

"ಹೇಳೋಕೆ ಸಾಕ್ಷಿ ಬೇಕು ಭಟ್ಟರೇ. ದೇಹ ಸುಟ್ಟಾಯ್ತು. ಜ್ವರ ಇರ್ಲಿಲ್ಲ ಅಂತ ಲ್ಯಾಬ್ ಹೇಳತ್ತೆ, ಏನಿತ್ತು ಅಂತ ಹೇಳಲ್ಲ. ವಾಸನೆ ಬಂತು ಅಂದ್ರೆ ಕೋರ್ಟಲ್ಲಿ ಯಾರೂ ನಂಬಲ್ಲ. ಗೋಡೌನ್ ಒಳಗೆ ಅವರನ್ನ ಕಂಡೋರು ಒಬ್ಬರು ಸಿಗಬೇಕು."

"ಸಿಗ್ತಾರಾ?"

"ಹುಡುಕ್ತೀನಿ" ಎಂದ ಭೀಮೇಶ್. ಆ ಮಾತು ಆಡಿದ ಮೇಲೆ ಅವನಿಗೆ ಮತ್ತಷ್ಟು ಸುಸ್ತಾಯಿತು.

*

ಜೀಪು ಭದ್ರಾವತಿಯ ದಾರಿ ಹಿಡಿಯುತ್ತಿದ್ದ ಹಾಗೇ ಮೇಲಧಿಕಾರಿಯ ಫೋನು.

"ಏನ್ರೀ ಭೀಮೇಶ್, ಆ ಮಿಲ್ಲಿನ ಕಡೆ ಯಾಕೆ ಹೊರಟಿದ್ದೀರಿ? ಅಕ್ಕಿ ರೈಲು ಇವತ್ತು ಸಂಜೆ ಹೊರಡಬೇಕು. ಅದು ಎರಡು ಸರ್ಕಾರಗಳ ನಡುವಿನ ವಿಷಯ. ನೀವು ಅಡ್ಡಗಾಲು ಹಾಕ್ಬೇಡಿ."

"ರೈಲಿಗೆ ನಾನೇನೂ ಮಾಡಲ್ಲ ಸರ್. ಎರಡು ಮಾತು ಕೇಳಿ ಬರ್ತೀನಿ."

"ಸಂಜೆಯೊಳಗೆ ಕೇಳಿ ಮುಗಿಸಿ. ಆಮೇಲೆ ಫೈಲ್ ಕ್ಲೋಸ್."

ಸಂಜೆಯ ಮೇಲೆ ಕೇಳಿದರೂ ಪ್ರಯೋಜನವಿರಲಿಲ್ಲ. ಅಕ್ಕಿ ಖಾಲಿಯಾದ ಕೂಡಲೇ ಗೋಡೌನು ತೊಳೆಯುತ್ತಾರೆ, ಹಮಾಲರು ಬೇರೆ ಬೇರೆ ಊರಿನ ಕೆಲಸಕ್ಕೆ ಚದುರುತ್ತಾರೆ. ಆಲ್ಕೊಳದ ಆ ಮನೆಯ ಗೇಟಿಗೆ ಹಾಲಿನ ಪ್ಯಾಕೆಟ್ಟು ಹಾಗೇ ನೇತಾಡುತ್ತಿರುತ್ತದೆ.

ಆ ವರ್ಷ ಅಕ್ಕಿಯನ್ನು ಹೊರದೇಶಕ್ಕೆ ಮಾರಕೂಡದೆಂದು ಸರ್ಕಾರದ ನಿಷೇಧವಿತ್ತು. ಆದರೆ ಬಾಂಗ್ಲಾದೇಶದವರು ಕೇಳಿಕೊಂಡಾಗ, ನೆರೆಮನೆಯವರೆಂದು ಒಂದಿಷ್ಟು ಕೊಡಲು ಒಪ್ಪಿದ್ದರು. ಅವರಿಗೆ ಬೇಕಾದದ್ದು ಕುಸುಬಲಕ್ಕಿ. ಭತ್ತವನ್ನು ಒಪ್ಪವಾಗಿ ಬೇಯಿಸಿ, ಒಣಗಿಸಿ ಅದನ್ನು ಮಾಡಿಕೊಡುವ ಮಿಲ್ಲುಗಳಲ್ಲಿ ಸುಘೋಷ ಕೆಲಸಕ್ಕಿದ್ದ ಯೋಗರಾಜನದೂ ಒಂದು. ಅಷ್ಟರಲ್ಲಿ ಈ ಜ್ವರ ಬಂತು. ಇವತ್ತು ಗಡಿ ಮುಚ್ಚುತ್ತಾರೆ, ನಾಳೆ ಬಂದರು ಮುಚ್ಚುತ್ತಾರೆ ಎಂಬ ಸುದ್ದಿಗೆ ಅಲ್ಲಿಯವರು ಬೇಗ ಕಳಿಸಿ ಎಂದು ಗಂಟಲು ಹರಿದುಕೊಂಡರು. ಇಲ್ಲಿಯವರು ಎದ್ದೂ ಬಿದ್ದೂ ಚೀಲ ತುಂಬತೊಡಗಿದರು.

ಮಿಲ್ಲಿನ ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಹಮಾಲರು ಬೆನ್ನು ಬಗ್ಗಿಸಿ ಚೀಲ ಹೊರುತ್ತಿದ್ದರು. ಅವರ ಮೇಸ್ತ್ರಿ ಓಬಯ್ಯ ಲಾರಿಯ ಪಕ್ಕ ನಿಂತಿದ್ದ. ಯಾವಾಗಲೂ ಎಲ್ಲರಿಗಿಂತ ಜೋರಾಗಿ ಮಾತಾಡುವ ಮನುಷ್ಯ ಇವತ್ತು ಮಾಸ್ಕು ಬಿಗಿದುಕೊಂಡು ಮುಗುಮ್ಮಾಗಿದ್ದ. ಭೀಮೇಶನೂ ಇದೇ ಊರಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಓಬಯ್ಯ ಅವನಿಗೆ ಚಿಕ್ಕಂದಿನಿಂದ ಗೊತ್ತು.

"ಏನು ಓಬಣ್ಣ, ಹೊಸ ಸೆಣಬಿನ ಚೀಲ!"

"ಇವೂ ಬಾಂಗ್ಲಾದಿಂದ ಬಂದಿದ್ದೇ ಸಾಹೇಬ್ರೇ. ಅವರು ಖಾಲಿ ಚೀಲ ಮಾರ್ತಾರೆ, ನಾವು ತುಂಬಿ ವಾಪಸ್ ಕಳಿಸ್ತೀವಿ. ತವರಿಗೆ ಹೋದಂಗೆ ಹೋಗ್ತವೆ" ಎಂದ ಓಬಯ್ಯ. ಮಾತು ತಮಾಷೆಯದು, ದನಿಯಲ್ಲಿ ಮಾತ್ರ ಜೀವವಿರಲಿಲ್ಲ.

"ಈ ಅಕ್ಕಿಗೆ ಗ್ಯಾಸ್ ಕೊಟ್ಟಿದ್ದು ಯಾವಾಗ?"

"ಸುಘೋಷಪ್ಪೋರು ತೀರಿಕೊಂಡ ಮೇಲೆ. ಅವರಿದ್ದಾಗ ಕೊಟ್ಟಿಲ್ಲ" ಎಂದವನೇ ಓಬಯ್ಯ ಲಾರಿಯ ಆಚೆ ಬದಿಗೆ ಹೋಗಿಬಿಟ್ಟ. ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟು ಹೋದದ್ದು ಭೀಮೇಶನಿಗೆ ಸರಿ ಕಾಣಲಿಲ್ಲ.

ಮೂರನೇ ಗೋಡೌನಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಕೊನೆಯ ಚೀಲಗಳು. ಹೊರಗಿನ ಕಟ್ಟೆಯ ಮೇಲೆ ಗುಡಿಸುವ ಹೆಂಗಸರು ಪೊರಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಭೀಮೇಶ್ ಬೂಟು ಕಾಲಲ್ಲಿ ಬಾಗಿಲಿನತ್ತ ನಡೆದದ್ದೇ ತಡ, ಅವರಲ್ಲಿ ಹಿರಿಯಳಾದ ಪದ್ಮಮ್ಮ ಗದರಿದಳು.

"ಅಯ್ಯೋ ಸಾಮಿ, ಬೂಟು! ಅನ್ನ ಇರೋ ಜಾಗ ಅದು. ನಮ್ ಸಾವ್ಕಾರ್ರೇ ಬರಿಗಾಲಲ್ಲಿ ಹೋಗ್ತಾರೆ."

ಭೀಮೇಶ್ ತಪ್ಪಾಯಿತೆಂದು ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಪದ್ಮಮ್ಮನಿಗೆ ಮಾತಾಡಲು ಜನ ಸಿಕ್ಕಂತಾಯಿತು. ನೆಲಕ್ಕೆ ಚೆಲ್ಲಿದ ಅಕ್ಕಿ ಗುಡಿಸಿದವರದ್ದು ಎಂಬುದು ಇಲ್ಲಿ ಅವಳ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಬರೆದುಕೊಟ್ಟ ಹಕ್ಕಲ್ಲ, ಬೇಡವೆಂದವರೂ ಇಲ್ಲ. ಈ ಹೆಂಗಸರಿಗೆ ಹಾಜರಿಯೂ ಇಲ್ಲ, ಸಂಬಳವೂ ಇಲ್ಲ. ಪೊರಕೆ, ಮೊರ ಹಿಡಿದು ಒಳಗೆ ಹೋಗುತ್ತಾರೆ, ಮಡಿಲು ತುಂಬಿಕೊಂಡು ಬರುತ್ತಾರೆ. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಲೆಕ್ಕ ಇಡುವವರಿಲ್ಲ.

"ಈ ಮೂರನೇದು ಹಾಲಮ್ಮಂದು ಸಾಮಿ. ನಮ್ ಓಬಯ್ಯನ ಹೆಂಡ್ತಿ. ಅವಳು ಹೊಳಲೂರಿಗೆ ಅಣ್ಣನ ಮನೆಗೆ ಹೋದೋಳು ಇನ್ನೂ ಬಂದಿಲ್ಲ. ನಾವು ಗುಡಿಸೋಣ ಅಂದ್ರೆ ಸಾವ್ಕಾರ್ರು ಬೇಡ ಅಂತಾರೆ."

"ಯಾವಾಗ ಹೋದ್ಲು?"

"ಆ ಭಟ್ಟರ ಮಗ ಕಾಯಿಲೆ ಬಿದ್ನಲ್ಲ, ಆ ಶುಕ್ರವಾರಾನೇ. ಒಂದು ಮಾತು ಹೇಳ್ದೆ ಹೋದ್ಲು ಮಾರಾಯ್ತಿ. ಅಷ್ಟೇನು ಅವಸರವೋ, ಚಪ್ಪಲೀನೂ ಮರ್ತು ಹೋಗವ್ಳೆ. ನೋಡಿ, ಅಲ್ಲೇ ಐತೆ."

ಬಾಗಿಲ ಪಕ್ಕ, ಗೋಡೆಯ ಬುಡದಲ್ಲಿ, ಧೂಳು ಕೂತ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇತ್ತು. ಒಂದರ ಬಾರು ಕಿತ್ತು, ಪಿನ್ನು ಹಾಕಿ ರಿಪೇರಿ ಮಾಡಿದ್ದು.

ಭೀಮೇಶ್ ಬಿಚ್ಚಿದ ಲೇಸನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟ. ಅಣ್ಣನ ಮನೆಗೆ ಹೊರಟ ಹೆಂಗಸು, ಅದೂ ಹೊಳಲೂರಿನಷ್ಟು ದೂರ, ಬರಿಗಾಲಲ್ಲಿ ಬಸ್ಸು ಹತ್ತುತ್ತಾಳೆಯೇ? ಚಪ್ಪಲಿ ಹೊರಗಿದ್ದರೆ ಅದರ ಒಡತಿ ಒಳಗಿದ್ದಾಳೆಂದೇ ಅರ್ಥ. ಅದನ್ನು ತಿಳಿಯಲು ಪೊಲೀಸನೇ ಆಗಬೇಕಿಲ್ಲ.

ಪದ್ಮಮ್ಮನಿಂದ ಆ ಅಣ್ಣನ ಹೆಸರು ಕೇಳಿಕೊಂಡು, ಲೇಸು ಕಟ್ಟಿಕೊಂಡು ಎದ್ದ. ಹೊಳಲೂರಿನ ಕಡೆ ಬೀಟಿನಲ್ಲಿದ್ದ ಪರಿಚಯದ ಕಾನ್‌ಸ್ಟೇಬಲನಿಗೆ ಫೋನು ಮಾಡಿ, ಹಾಲಮ್ಮನ ಅಣ್ಣ ಭೂತಪ್ಪನ ಮನೆಗೆ ಹೋಗಿ ಅಲ್ಲಿಂದಲೇ ಮಾತಾಡಬೇಕೆಂದು ಹೇಳಿದ. ಆಮೇಲೆ ಯೋಗರಾಜನ ಆಫೀಸಿನ ಬಾಗಿಲು ತಳ್ಳಿದ.

*

"ಬನ್ನಿ ಬನ್ನಿ ಸಾರ್, ಕೈಗೆ ಇದು ಹಾಕ್ಕೊಳ್ಳಿ ಮೊದಲು" ಎಂದು ಯೋಗರಾಜ್ ಸ್ಯಾನಿಟೈಸರ್ ಬಾಟಲಿ ಮುಂದೆ ಮಾಡಿದ. ಬಿಳಿ ಷರ್ಟು, ಕಣ್ಣಿನ ಕೆಳಗೆ ಕಪ್ಪು ಚೀಲ. ಅವನೂ ಸರಿಯಾಗಿ ನಿದ್ದೆ ಮಾಡಿ ದಿನಗಳಾದಂತಿತ್ತು. "ಸುಘೋಷನ ವಿಷಯ ತಾನೇ? ಬಂಗಾರದಂಥ ಮನುಷ್ಯ. ಏನ್ಮಾಡೋದು, ಜ್ವರ."

"ಜ್ವರ ಇರ್ಲಿಲ್ಲ. ರಿಸಲ್ಟ್ ಬಂತು."

ಯೋಗರಾಜನ ಕೈ ಬಾಟಲಿಯ ಮೇಲೆ ಹಾಗೇ ನಿಂತಿತು.

"ಅವತ್ತು ಶುಕ್ರವಾರ ಅವರು ಮನೆಗೆ ಬಂದಾಗ ಮೈಯೆಲ್ಲ ಬೆಳ್ಳುಳ್ಳಿ ವಾಸನೆ ಇತ್ತಂತೆ" ಎಂದ ಭೀಮೇಶ್.

"ಭಟ್ಟರ ಮಗ ಬೆಳ್ಳುಳ್ಳಿ ತಿಂದ್ರೆ ಅದೂ ಪೊಲೀಸ್ ಕೇಸಾ ಮಾರಾಯ್ರೇ?" ಯೋಗರಾಜ್ ನಗಲು ನೋಡಿದ.

"ನನಗೆ ಸಾಕಾಗಿದೆ ಯೋಗರಾಜ್. ನಿಂತೂ ನಿಂತೂ ಕಾಲು ಬಾತಿವೆ. ನೀವು ಸುಳ್ಳು ಹೇಳಿ, ನಾನು ಬಿಡಿಸಿ, ಮತ್ತೆ ನೀವು ಹೇಳಿ, ಇಷ್ಟಕ್ಕೆಲ್ಲ ನನ್ನಲ್ಲಿ ತ್ರಾಣ ಇಲ್ಲ. ಆ ಶುಕ್ರವಾರ ಮೂರನೇ ಗೋಡೌನಿಗೆ ಗುಳಿಗೆ ಇಟ್ಟಿದ್ರಿ. ಹೌದೋ ಅಲ್ವೋ?"

ಯೋಗರಾಜ್ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ.

"ಇಟ್ಟಿದ್ವಿ. ಅಲ್ಲಿಯವರು ಒಂದೇ ಒಂದು ಹುಳ ಕಂಡ್ರೂ ಇಡೀ ರೈಲು ವಾಪಸ್ ಅಂತಾರೆ. ಇಟ್ಟವನು ಸುಘೋಷಾನೇ. ಅವನಿಗಿಂತ ಚೆನ್ನಾಗಿ ಆ ಕೆಲಸ ಗೊತ್ತಿರೋರು ಇಲ್ಲಿ ಯಾರಿದ್ರು? ಆಮೇಲೆ ಸ್ಯಾಂಪಲ್ ಬೇಕು ಅಂತ ತಾನೇ ಬೀಗ ತೆಗೆದು ಒಳಗೆ ಹೋದ. ನಾನು ಬೇಡ ಅಂದೆ. ಕೇಳ್ಲಿಲ್ಲ. ಅವನ ತಪ್ಪಿಗೆ ನನ್ನನ್ನ ಯಾಕೆ ಹಿಡೀತೀರಿ?"

"ಮತ್ತೆ ಜ್ವರ ಅಂತ ಯಾಕೆ ಸುದ್ದಿ ಹಬ್ಬಿಸಿದ್ರಿ?"

"ನಾನು ಹಬ್ಬಿಸ್ಲಿಲ್ಲ, ಆಸ್ಪತ್ರೆಯವರೇ ಅಂದ್ರು. ನಾನು ಸುಮ್ನಿದ್ದೆ ಅಷ್ಟೇ. ಜ್ವರ ಮನುಷ್ಯರಿಗೆ ಬರತ್ತೆ, ಅಕ್ಕಿಗೆ ಬರಲ್ಲ. ವಿಷದ ಗ್ಯಾಸಲ್ಲಿ ಸತ್ತ ಅಂದ್ರೆ ಆ ದೇಶದೋರು ಈ ಅಕ್ಕಿ ಮುಟ್ತಾರಾ? ಎಷ್ಟು ಜನರ ಹೊಟ್ಟೆಪಾಡು ಸಾರ್ ಇದು, ಈ ಕಡೇನೂ ಆ ಕಡೇನೂ!"

ಈ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಭೀಮೇಶನಿಗೆ ಸಿಟ್ಟು ಬಂದದ್ದು ಅದಕ್ಕೇ. ಆಲ್ಕೊಳದಲ್ಲಿ ದನಕ್ಕೆ ಹಾಕಿದ ಸಮಾರಾಧನೆಯ ಅನ್ನ ಈ ಲೆಕ್ಕದಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ.

"ಸ್ಯಾಂಪಲ್ಲಿಗೆ ಅಂದ್ರೆ ಬಾಗಿಲ ಹತ್ತಿರದ ಚೀಲಕ್ಕೆ ಚುಚ್ಚಿದ್ರೆ ಸಾಕು. ಉಸಿರು ಕಟ್ಟಿಕೊಂಡು ಹೋಗಿ ಬರಬಹುದು. ಗುಳಿಗೆ ಇಟ್ಟವರಿಗೇ ಅದು ಗೊತ್ತಿರ್ಲಿಲ್ವಾ? ಸಾಯುವಷ್ಟು ಗ್ಯಾಸ್ ಕುಡೀಬೇಕಾದ್ರೆ ಅವರು ತುಂಬ ಒಳಗೆ ಹೋಗಿದ್ರು, ತುಂಬ ಹೊತ್ತು ಇದ್ರು." ಭೀಮೇಶ್ ಬಾಗಿಲು ತೆರೆದು ಕೂಗಿದ. "ಓಬಣ್ಣಾ, ಒಳಗೆ ಬಾ."

ಓಬಯ್ಯ ಬಂದು ಗೋಡೆಗೆ ಅಂಟಿಕೊಂಡು ನಿಂತ. ಯಜಮಾನನ ಮುಖ ನೋಡಲಿಲ್ಲ.

"ಬಾಗಿಲ ಹತ್ರ ನೀಲಿ ಚಪ್ಪಲಿ ಇದೆ. ಯಾರದ್ದು?"

ಓಬಯ್ಯ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

"ಬೀಗ ಹಾಕಿ ಹೋದ ಮೇಲೆ ಸುಘೋಷ್ ಅವರು ಆ ಚಪ್ಪಲಿ ನೋಡಿದ್ರು. ನೋಡಿ ಬೀಗ ತೆಗೆದ್ರು. ಅವರು ಅಕ್ಕಿ ತರೋಕೆ ಹೋಗಿರ್ಲಿಲ್ಲ ಓಬಣ್ಣ. ಯಾರನ್ನ ಕರ್ಕೊಂಡು ಬರೋಕೆ ಹೋಗಿದ್ರು?"

"ಓಬಯ್ಯ!" ಎಂದ ಯೋಗರಾಜ್. ಅದು ಎಚ್ಚರಿಕೆಯೋ ಬೇಡಿಕೆಯೋ ತಿಳಿಯುವಂತಿರಲಿಲ್ಲ.

"ಅಲ್ಲಿ ಒಂದು ಹೆಣ್ಣುಮಗಳು ಕೂತಿದ್ದಾಳೆ" ಭೀಮೇಶನ ದನಿ ಏರಲಿಲ್ಲ. "ಗಂಡ ಸಾಯೋ ರಾತ್ರಿ ಅವನಿಗೆ ಅನ್ನ ಹಾಕ್ಲಿಲ್ಲ, ತಣ್ಣೀರು ಸುರಿದೆ ಅಂತ ಗೋಡೆಗೆ ತಲೆ ಕೊಟ್ಟು ಕೂತಿದ್ದಾಳೆ. ಅವಳಿಗೆ ನಾನು ಏನು ಹೇಳ್ಲಿ? ನೀನೇ ಹೇಳು."

ಓಬಯ್ಯ ನೆಲಕ್ಕೆ ಕುಕ್ಕರುಗಾಲಲ್ಲಿ ಕುಸಿದು ಕೂತು ತಲೆಯ ಮೇಲೆ ಕೈ ಹೊತ್ತ.

"ನನ್ ಹಾಲಿ ಸಾಹೇಬ್ರೇ. ನನ್ ಹೆಂಡ್ತಿ. ಚೀಲದ ಅಟ್ಟಿ ಹಿಂದೆ ಗುಡಿಸ್ತಾ ಇದ್ಲು. ಬಾಗಿಲು ಹಾಕೋಕೆ ಮೊದಲು ಒಳಗೆ ಯಾರಿದ್ದೀರಾ ಅಂತ ಕೂಗಬೇಕು. ಸುಘೋಷಪ್ಪೋರು ಯಾವತ್ತೂ ಕೂಗೋರು. ಅವತ್ತು ಸಾವ್ಕಾರ್ರು ಬೇಗ ಬೇಗ ಅಂತ ತಲೆ ಮೇಲೆ ನಿಂತಿದ್ರು. ಕೂಗಿಲ್ಲ. ನಾನು ಗೂಡ್ಸ್ ಶೆಡ್ಡಲ್ಲಿದ್ದೆ. ವಾಪಸ್ ಬಂದು ನೋಡ್ತೀನಿ, ಸುಘೋಷಪ್ಪೋರು ಅವಳನ್ನ ಎಳ್ಕೊಂಡು ಬಾಗಿಲಲ್ಲಿ ಬಿದ್ದವ್ರೆ. ಹುಡುಕೀ ಹುಡುಕೀ ಅಷ್ಟು ಹೊತ್ತಾಗಿತ್ತಂತೆ."

"ಇಬ್ಬರನ್ನೂ ಆಸ್ಪತ್ರೆಗೆ ಯಾಕೆ ಸೇರಿಸ್ಲಿಲ್ಲ?"

"ಅವರು ಎದ್ದು ಮುಖ ತೊಳ್ಕೊಂಡ್ರು. ನನಗೇನಾಗಿಲ್ಲ, ಮೊದಲು ಇವಳನ್ನ ನೋಡಿ ಅಂದ್ರು. ಸಾವ್ಕಾರ್ರು ಅವಳನ್ನ ಕಾರಿಗೆ ಹತ್ತಿಸಿ, ನಮ್ಮಿಬ್ಬರ ಕೈಲೂ ಅಕ್ಕಿ ಹಿಡಿಸಿ ಆಣೆ ಹಾಕಿಸ್ಕೊಂಡ್ರು. ರೈಲು ಹೋಗೋತಂಕ ಹೆಂಡ್ತಿ ಮಕ್ಕಳಿಗೂ ಬಾಯಿ ಬಿಡಬಾರ್ದು ಅಂತ. ರೈಲು ಹೋದ ದಿನ ನಾನೇ ಠಾಣೆಗೆ ಹೋಗಿ, ಕೂಗದೆ ಬಾಗಿಲು ಹಾಕ್ದೋನು ನಾನು ಅಂತ ಹೇಳ್ತೀನಿ ಓಬಯ್ಯ ಅಂದ್ರು ಸುಘೋಷಪ್ಪೋರು. ದೇವರಂಥ ಮನುಷ್ಯ."

ಭೀಮೇಶ್ ಕಣ್ಣು ಮುಚ್ಚಿಕೊಂಡ. ಪುರೋಹಿತರ ಮಗ, ಅಕ್ಕಿ ಹಿಡಿದು ಮಾಡಿದ ಆಣೆ. ಹೆಂಡತಿ ವಾಸನೆ ಹಿಡಿದು ಕೇಳಿದಾಗ ಅವನ ಮುಂದೆ ಎರಡೇ ದಾರಿ ಇದ್ದವು. ಆಣೆ ಮುರಿಯುವುದಕ್ಕಿಂತ ಬೆಳ್ಳುಳ್ಳಿ ತಿಂದ ಪಾಪವನ್ನು ಹೊತ್ತುಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ವಿಷ ಇನ್ನೂ ಒಳಗೆ ಕೆಲಸ ಮಾಡುತ್ತಿದೆಯೆಂದು ಪಾಪ ಅವನಿಗೆ ಹೊಳೆಯಲಿಲ್ಲ. ಚೈತನ್ಯಾಳಿಗೆ ಉತ್ತರ ಸಿಕ್ಕಿತ್ತು. ಅದನ್ನು ಅವಳಿಗೆ ತಲುಪಿಸುವುದನ್ನು ನೆನೆದೇ ಭೀಮೇಶನ ಎದೆ ಭಾರವಾಯಿತು.

"ಹಾಲಮ್ಮ ಈಗ ಹೇಗಿದ್ದಾಳೆ?"

"ಚೆನ್ನಾಗೇ ಇದ್ದಾಳೆ ಸಾರ್" ಎಂದ ಯೋಗರಾಜ್ ಥಟ್ಟನೆ. "ನಮ್ಮ ಕಾರಲ್ಲೇ ಹೊಳಲೂರಿಗೆ ಬಿಟ್ಟು ಬಂದೆ. ಡಾಕ್ಟರು ಮನೆಗೇ ಬಂದು ನೋಡ್ತಿದ್ದಾರೆ. ಸುಧಾರಿಸ್ತಿದ್ದಾಳೆ."

ಭೀಮೇಶ್ ದೀರ್ಘವಾಗಿ ಉಸಿರುಬಿಟ್ಟ. ಬದುಕಿದ್ದಾಳೆ. ಗೋಡೌನಿನ ಒಳಗೆ ಸುಘೋಷನನ್ನು ಕಂಡವಳು, ಅವನೇ ಎಳೆದು ಹೊರಗೆ ತಂದವಳು. ಅವಳೊಬ್ಬಳು ಬಂದು ನಿಂತರೆ ಸಾಕು, ಭಟ್ಟರು ಆಲ್ಕೊಳದಲ್ಲಿ ಮತ್ತೆ ತಲೆ ಎತ್ತಿ ನಡೆಯಬಹುದು.

"ನೀನು ಹೋಗಿ ನೋಡ್ದೆಯಾ ಓಬಣ್ಣ?"

"ಬಿಡಲಿಲ್ಲ ಸಾಹೇಬ್ರೇ. ಕೆಮ್ಮು ಜಾಸ್ತಿ ಐತೆ, ಊರೋರು ಹಂದಿ ಜ್ವರ ಅಂದ್ಕೊಂಡು ಬಾಗಿಲು ಹಾಕ್ಸವ್ರೆ, ನೀನು ಹೋದ್ರೆ ನಿನ್ನೂ ಕೂಡಿ ಹಾಕ್ತಾರೆ, ರೈಲು ತುಂಬೋರು ಯಾರು ಅಂದ್ರು." ಓಬಯ್ಯ ಅಂಗೈಯಿಂದ ಕಣ್ಣು ಒರೆಸಿಕೊಂಡ. "ದಿನಾ ಸಂಜೆ ಸಾವ್ಕಾರ್ರು ಅವರ ಮೊಬೈಲ್ ನನ್ ಕಿವಿಗೆ ಇಡ್ತಾರೆ. ಗಂಟಲು ಸುಟ್ಟೈತಲ್ಲ, ಮಾತು ಬರಲ್ಲ ಅವಳಿಗೆ. ಕೆಮ್ತಾಳೆ. ಹಾಲೀ, ರೈಲು ಹೋದ್ ತಕ್ಷಣ ಬರ್ತೀನಿ ಕಣೇ ಅಂತೀನಿ. ಇನ್ನೊಂದು ಸಲ ಕೆಮ್ತಾಳೆ. ಅಷ್ಟು ಸಾಕು ಅಂದ್ಕೊಂಡು ಬಂದು ಮತ್ತೆ ಚೀಲ ಹೊರ್ತೀನಿ."

ಭೀಮೇಶನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೊಳಲೂರಿನ ಕಾನ್‌ಸ್ಟೇಬಲ್.

"ಸರ್, ಭೂತಪ್ಪನ ಮನೇಲೇ ಇದ್ದೀನಿ. ಅವನಿಗೇ ಕೊಡ್ತೀನಿ, ನೀವೇ ಮಾತಾಡಿ."

ಓಬಯ್ಯನೂ ಕೇಳಿಸಿಕೊಂಡು ಸಮಾಧಾನ ಮಾಡಿಕೊಳ್ಳಲಿ ಎಂದು ಭೀಮೇಶ್ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟ. ಯೋಗರಾಜ್ ಕುರ್ಚಿಯಿಂದ ಅರ್ಧ ಎದ್ದ.

"ನಮಸ್ಕಾರ ಸಾರ್" ಎಂದಿತು ಆ ಕಡೆಯ ಗಂಡಸಿನ ದನಿ. "ನಮ್ ಹಾಲಮ್ಮನ್ನ ಕೇಳ್ತಿದ್ರಂತೆ? ಅವಳು ಯುಗಾದಿಗೆ ಬಂದು ಹೋದೋಳು, ಆಮೇಲೆ ಈ ಕಡೆ ಬಂದಿಲ್ಲ. ಗೌರಿ ಹಬ್ಬ ಬಂತಲ್ಲ, ಬಾಗಿನ ಕೊಡೋಕೆ ನಾನೇ ನಾಳೆ ಭದ್ರಾವತಿಗೆ ಬರೋಣ ಅಂತಿದ್ದೆ. ಚೆನ್ನಾಗವ್ಳೆ ತಾನೇ ಸಾರ್? ಹಲೋ? ಸಾರ್?"

ಹೊರಗೆ ಲಾರಿಯೊಂದು ಸ್ಟಾರ್ಟ್ ಆಗಿ ಗೂಡ್ಸ್ ಶೆಡ್ಡಿನ ಕಡೆ ಹೊರಟಿತು.

ಓಬಯ್ಯ ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತ. ಮುಖದ ಮಾಸ್ಕನ್ನು ಕಿತ್ತು ಕೆಳಗೆ ಹಾಕಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಮಾತನ್ನು ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರವಿತ್ತು.

"ಸಾವ್ಕಾರ್ರೇ, ಹಂಗಾದ್ರೆ ದಿನಾ ಫೋನಲ್ಲಿ ಕೆಮ್ತಿದ್ದೋರು ಯಾರು?"